ಬಿಳಿ ಗುಂಡಿಯ ಅಂಗಿ

ಕಡವಿನಲ್ಲಿ ದೋಣಿ ಹತ್ತುವಾಗ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಬೊಂಬೆಯ ಕಾಲೆರಡು ಹೊರಗೆ ಬಂದಿದ್ದವು. ಯತೀಶ ಅವನ್ನು ಒಳಕ್ಕೆ ತುರುಕಿದ. ಮತ್ತೆ ಬಂದವು. ಬೈಹುಲ್ಲನ್ನು ಒಮ್ಮೆ ಉದ್ದಕ್ಕೆ ಬಿಗಿದು ಕಟ್ಟಿದ ಮೇಲೆ ಅದು ಮಡಚಿಕೊಳ್ಳಲು ಒಪ್ಪುವುದಿಲ್ಲವೆಂದು ಗದ್ದೆಯವರಿಗೆ ಗೊತ್ತಿರಬೇಕು. ಅವನು ಮೀನುಗಾರರ ಕೇರಿಯವನು, ಅವನಿಗೆ ಇವತ್ತು ಗೊತ್ತಾಯಿತು. "ಹ್ವಾಯ್ ಯತೀಶಣ್ಣ, ಹೆಣ ದಾಟ್ಸುಕೆ ಬೇರೆ ರೇಟ್ ಕಾಣಿ" ಎಂದು ದೋಣಿಯವನು ನಕ್ಕ. ಯತೀಶನೂ ನಕ್ಕ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ದೋಣಿಯೊಳಗೆ ಒಗೆದು ಬಂದ ಬಿಳಿ ಚಾದರಗಳ ಗಂಟು, ಕೋಳಿ ತುಂಬಿದ ಎರಡು ಐಸ್ ಪೆಟ್ಟಿಗೆ, ಮಕ್ಕಳ ಈಜುಕೊಳಕ್ಕೆಂದು ತರಿಸಿದ ಗುಲಾಬಿ ಬಣ್ಣದ ರಬ್ಬರ್ ಕುದುರೆ. ಅವುಗಳ ನಡುವೆ ಬೊಂಬೆಯನ್ನು ಮಲಗಿಸಲು ಜಾಗವಿಲ್ಲದೆ ಅವನು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ತೂಕವೇ ಇರಲಿಲ್ಲ. ಒಳಗೆ ಒಂದೆರಡು ಮರಳಿನ ಚೀಲ ತುರುಕಬೇಕಿತ್ತು, ಹೊತ್ತು ತರುವವರ ಹೆಗಲು ಬಾಗದಿದ್ದರೆ ನೋಡುವವರು ನಂಬುವುದಿಲ್ಲ ಎಂದುಕೊಂಡ. ಆಗ ಬೆಡ್‌ಶೀಟಿನ ಸಂದಿಯಿಂದ ಅಂಗಿಯ ಕೆಂಪು ಚೌಕುಳಿ ಕಂಡಿತು, ಚೌಕುಳಿಯ ನಡುವೆ ಒಂದು ಬಿಳಿ ಗುಂಡಿ. ಉಳಿದ ಗುಂಡಿಗಳೆಲ್ಲ ಕಂದು. ಅವನು ಬೆಡ್‌ಶೀಟನ್ನು ಎಳೆದು ಸರಿಮಾಡಿ, ಎದುರಿಗೆ ಹತ್ತಿರವಾಗುತ್ತಿದ್ದ ಕುದ್ರುವನ್ನು ನೋಡುತ್ತ ಕುಳಿತ.

ಊರವರ ಬಾಯಲ್ಲಿ ಅದು ಇವತ್ತಿಗೂ ಸಣ್ಣಕುದ್ರು. ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು ಇಟ್ಟುಕೊಂಡು ಮಲಗಿದ ತುಂಡು ದ್ವೀಪ. ಯತೀಶ ಸಣ್ಣವನಿದ್ದಾಗ ಅಲ್ಲಿ ಎಮ್ಮೆ ಮೇಯುತ್ತಿದ್ದವು. ಈಗ ತೆಂಗಿನ ಮರಗಳ ಸೊಂಟಕ್ಕೆಲ್ಲ ಬಲ್ಬಿನ ಸರ, ಕಡವಿನ ಮೆಟ್ಟಿಲ ಮೇಲೆ ಇಂಗ್ಲಿಷಿನ ಉದ್ದ ಹೆಸರಿನ ಬೋರ್ಡು, ಇಳಿದವರ ಕೈಗೆ ಸೀಯಾಳ ಕೊಡಲು ನಗುಮುಖದ ಹುಡುಗಿಯರು. ಸೀಯಾಳ ಯತೀಶನಿಗಲ್ಲ, ಅವನು ಕೆಲಸದವರ ಮೆಟ್ಟಿಲಲ್ಲಿ ಇಳಿಯಬೇಕು. ಶನಿವಾರ ಸಂಜೆ ಇಲ್ಲಿ ಫ್ಯಾಮಿಲಿ ಶೋ. ಐದಕ್ಕೆ ಮಕ್ಕಳ ಮುಖಕ್ಕೆ ಬಣ್ಣ ಬಳಿಯುವುದು, ಐದೂವರೆಗೆ ಜಾದೂ, ಸೂರ್ಯ ಮುಳುಗುವ ಹೊತ್ತಿಗೆ ಮರಳಿನ ಮೇಲೆಯೇ ನಾಟಕ, ಅದು ಮುಗಿಯುತ್ತಲೂ ಬಫೆ. ನಾಟಕವೆಂದರೆ ಮೀನುಗಾರರ ಬದುಕು, ನಲವತ್ತು ನಿಮಿಷ. ಬಲೆ ಎಳೆಯುವ ಹಾಡು, ಮೀನು ಮಾರುವವರ ಜಗಳ, ಬಿರುಗಾಳಿ, ಕೊನೆಗೆ ಕಡಲು ಒಬ್ಬ ಮಗನನ್ನು ತಿಂದು ದಡಕ್ಕೆ ಎಸೆಯುತ್ತದೆ, ತಾಯಿ ಅಳುತ್ತಾಳೆ. ಬರೆದವನು ಯತೀಶ, ಆಡಿಸುವವನು ಯತೀಶ. ಇಪ್ಪತ್ತು ವರ್ಷ ಶಾಲೆಯ ಜಗಲಿಯಲ್ಲಿ ನಾಟಕ ಕಲಿಸಿ, ಸ್ಪರ್ಧೆಯ ಫಲಕಗಳನ್ನು ಅಟ್ಟದ ಮೇಲೆ ಗೆದ್ದಲಿಗೆ ಕೊಟ್ಟು, ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಕುಣಿಸಿ ದಿನ ದೂಡಿದವನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಸಿಕ್ಕಿದ ಅವಕಾಶ ಇದು. ಇವತ್ತು ಬೆಂಗಳೂರಿನಿಂದ ರೆಸಾರ್ಟಿನ ಧಣಿಗಳೇ ಬಂದು ನೋಡುತ್ತಾರೆ. ಮೆಚ್ಚಿದರೆ ಶನಿವಾರ ಶನಿವಾರ ಆಟ, ಅವನಿಗೆ ಎದೆಯ ಮೇಲೆ ಹೆಸರಿನ ಪಟ್ಟಿ ಇರುವ ಕೆಲಸ. ಆ ಪಟ್ಟಿ ತನಗೆ ಬೇಕು ಅನ್ನಿಸುವುದೇ ಅವನಿಗೆ ನಾಚಿಕೆ. ಆದರೂ ಬೇಕು.

ಅಳು ಒಂದು ಸರಿಯಾಗಿರಲಿಲ್ಲ. ಮ್ಯಾನೇಜರ್ ರತೀಶ್ ಮೂರು ರಿಹರ್ಸಲ್ ನೋಡಿ ಮೂರು ಸಲವೂ ಅದನ್ನೇ ಹೇಳಿದ್ದ. "ಯತೀಶ್, ಬಾಕಿ ಎಲ್ಲ ಓಕೆ. ಆದರೆ ಆ ಅಮ್ಮ ಅಳುವುದೇ ಇಲ್ಲವಲ್ಲ. ಗೆಸ್ಟ್‌ಗಳ ಗಂಟಲು ಕಟ್ಟಬೇಕು, ಆಮೇಲೆ ಊಟ." ಬೇರೆ ಯಾರನ್ನಾದರೂ ಹಾಕಿದರೆ ಆಗದೇ ಎಂದೂ ಕೇಳಿದ್ದ. ಹಾಗೆ ಕೇಳಿದವನೇ ಮೊದಲಿಗೆ, ಬಣ್ಣ ಬಳಿದುಕೊಂಡ ನಟಿಯರು ಬೇಡ, ನಿಜವಾದ ಮೀನುಗಾರ ಹೆಂಗಸರೇ ಬೇಕು ಎಂದು ಹಟ ಹಿಡಿದಿದ್ದ. ಬೊಂಬೆಯ ವಿಷಯದಲ್ಲೂ ಹಾಗೆಯೇ. ಯತೀಶ ಕುಂದಾಪುರದ ಜವಳಿ ಅಂಗಡಿಯಿಂದ ಪ್ಲಾಸ್ಟಿಕ್ ಗೊಂಬೆಯೊಂದನ್ನು ಕೇಳಿ ತಂದಿದ್ದ. ಇದು ಪ್ಲಾಸ್ಟಿಕ್ ಇಲ್ಲದ ದ್ವೀಪ, ಸಹಜವಾದದ್ದು ಏನಾದರೂ ಮಾಡಿ ಎಂದು ರತೀಶ್ ಅದನ್ನು ವಾಪಸು ಕಳಿಸಿದ. ರಬ್ಬರ್ ಕುದುರೆಗೆ ಆ ಕಾನೂನು ಇದ್ದಂತಿಲ್ಲ. ತೆಕ್ಕಟ್ಟೆಯ ಕಡೆಯ ಒಂದು ಮನೆಯ ಹುಲ್ಲುಕುತ್ರಿಯಿಂದ ಎರಡು ಕಟ್ಟು ಬೈಹುಲ್ಲು ತಂದು, ಕೈ ಕಾಲು ಮಾಡಿ, ತಲೆಯ ಜಾಗದಲ್ಲಿ ಒಂದು ಗೋಣಿಯ ಉಂಡೆ ಕಟ್ಟಿ ಬೊಂಬೆ ಮಾಡುವಾಗ ಯತೀಶನ ಬೆರಳುಗಳು ಎರಡು ಸಲ ನಿಂತವು. ಹುಲ್ಲಿನಲ್ಲಿ ಮನುಷ್ಯನನ್ನು ಕಟ್ಟುವುದು ಯಾಕೆಂದು ಅವನ ಕೇರಿಯ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವನು ಯಾರನ್ನೂ ಕೇಳಲಿಲ್ಲ.

ನಾಟಕದ ಆ ಅಮ್ಮ, ಬೆಳ್ಳಿ, ಅವನ ತಾಯಿಯ ಅಕ್ಕ. ದೊಡ್ಡಮ್ಮ. ಮಂಡಿ ಸೋಲುವವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು, ಬೆಳಗಿನ ಮೊದಲ ಬಸ್ಸಿಗೆ ಬ್ರಹ್ಮಾವರ, ಅಲ್ಲಿಂದ ಕೊಕ್ಕರ್ಣೆಯ ಮನೆಮನೆಗೆ ಮೀನು ಮಾರಿ ಬರುತ್ತಿದ್ದವಳು. ಗಂಡ ಮೊದಲೇ ಹೋಗಿದ್ದ. ಇದ್ದ ಒಬ್ಬ ಮಗ ಅನೂಪ ಆರು ವರ್ಷದ ಹಿಂದೆ ಅಳಿವೆಯ ಬಾಯಲ್ಲಿ ನಾಡದೋಣಿ ಮಗುಚಿದಾಗ ನೀರಿಗೆ ಬಿದ್ದ. ಐದು ಜನರಲ್ಲಿ ನಾಲ್ವರು ಈಜಿ ಬಂದರು. ಅನೂಪನ ಹೆಣ ಬೈಂದೂರಿನಿಂದ ಕೋಡಿಯವರೆಗೆ ಯಾವ ದಡಕ್ಕೂ ಬರಲಿಲ್ಲ. ಹೆಣ ಸಿಗದವರಿಗೆ ಹುಲ್ಲಿನ ಬೊಂಬೆ ಮಾಡಿ, ಅವರ ಬಟ್ಟೆ ಉಡಿಸಿ, ಸುಡುವುದು ಕ್ರಮ. ಅಷ್ಟು ಮಾಡದಿದ್ದರೆ ಉಳಿದ ಯಾವ ಕ್ರಿಯೆಯೂ ಇಲ್ಲ. ವರ್ಷ ತುಂಬುವ ಹೊತ್ತಿಗೆ ಕೇರಿಯ ಹಿರಿಯರು ದಿನ ನೋಡಿಸಿಕೊಂಡು ಬಂದರು. ಬೆಳ್ಳಿ ಬಾಗಿಲಿನ ಅಡ್ಡ ಕೂತು, "ಹುಲ್ಲ್ ಸುಟ್ರೆ ಹುಲ್ಲ್ ಸುಟ್ಟ್ ಹಾಂಗ್ ಆತ್ತ್. ನನ್ ಮಗ ಹುಲ್ಲಾ?" ಎಂದಳು. ಅವರು ಚಾ ಕುಡಿದು ಹೋದರು. ಆ ದಿನ ಯತೀಶನಿಗೆ ಬಂದದ್ದು ದುಃಖವಲ್ಲ, ನೆಮ್ಮದಿ. ಅಕ್ಕತಂಗಿಯರ ಮಕ್ಕಳಲ್ಲಿ ಉಳಿದ ಗಂಡು ಅವನೊಬ್ಬನೇ, ಕೊಳ್ಳಿ ಇಡಬೇಕಾದವನು ಅವನೇ ಆಗಿದ್ದ.

ರಿಹರ್ಸಲಿನಲ್ಲಿ ಹೆಣದ ಬದಲಿಗೆ ಸುತ್ತಿದ ಚಾಪೆ. ಬೆಳ್ಳಿ ನಿಧಾನವಾಗಿ ಮಂಡಿಯೂರಿ, ಚಾಪೆಯನ್ನು ಎರಡು ಸಲ ಸವರಿ, ತಲೆಯೆತ್ತಿ "ಮುಗೀತಾ?" ಎಂದು ಕೇಳುತ್ತಿದ್ದಳು. ಜೋರಾಗಿ ಅಳಬೇಕು ದೊಡ್ಡಮ್ಮ, ಎದೆ ಬಡಿದುಕೊಳ್ಳಬೇಕು ಎಂದರೆ, "ಹೆಣ ಕಾಣ್ದೆ ಹ್ಯಾಂಗ್ ಅಳುದ್ ಮಗಾ?" ಎನ್ನುತ್ತಿದ್ದಳು, ಯಾವ ಕುಹಕವೂ ಇಲ್ಲದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ದನಿಯಲ್ಲಿ. ಕೊನೆಗೆ ಯತೀಶ ತಾನೇ ಚಾಪೆಯ ಮೇಲೆ ಬಿದ್ದು ಅತ್ತು ತೋರಿಸಿದ. ಎದೆ ಬಡಿದುಕೊಂಡ, ಮರಳು ಬಾಚಿ ತಲೆಗೆ ಹಾಕಿಕೊಂಡ, ಅಯ್ಯೋ ಮಗನೇ ಎಂಬುದನ್ನು ಮೂರು ಸ್ಥಾಯಿಯಲ್ಲಿ ಕೂಗಿದ. ಹಾಸಿಗೆ ಹಾಸುವ ಹುಡುಗಿಯರು ಕೆಲಸ ಬಿಟ್ಟು ನಿಂತು ಕಣ್ಣು ಒರೆಸಿಕೊಂಡರು. ಬೆಳ್ಳಿ ಅವನನ್ನೇ ನೋಡುತ್ತಿದ್ದಳು. ಅವನು ಎದ್ದು ಅಂಗಿಯ ಮರಳು ಕೊಡವಿಕೊಳ್ಳುವಾಗ, "ನಿಂಗೆ ಎಷ್ಟ್ ಲಾಯ್ಕ್ ಅಳುಕೆ ಬತ್ತ್ ಮಾರಾಯ" ಎಂದಳು. ಅದು ಹೊಗಳಿಕೆಯೋ ಏನೆಂದು ಅವನಿಗೆ ಇವತ್ತಿನವರೆಗೂ ತಿಳಿಯದು. ಅನೂಪ ಸತ್ತಾಗ ಅವನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ದಡದಲ್ಲಿ ಮೂರು ದಿನ ಎಲ್ಲರ ಜೊತೆ ಹುಡುಕಿದ, ಎಲ್ಲರಿಗಿಂತ ದೂರ ನಡೆದ, ಕಾಲಿನ ಚರ್ಮ ಸುಲಿದುಕೊಂಡ, ಅಳಲಿಲ್ಲ. ಅಳುವುದು ಅವನಿಗೆ ಜನರ ಎದುರು ಮಾಡಿ ತೋರಿಸುವ ಕೆಲಸವಾಗಿಬಿಟ್ಟಿತ್ತು.

ಅಳಲು ಬಾರದಿದ್ದವನು ಅನೂಪ. ಅದು ಆರು ವರ್ಷದ ಹಿಂದಿನ ಚೌತಿಯ ನಾಟಕ, ಆಗಸ್ಟಿನ ಮಳೆ, ಶಾಲೆಯ ತಗಡಿನ ಮಾಡಿನ ಮೇಲೆ ಮಾತೇ ಕೇಳದಷ್ಟು ಸದ್ದು. ಅನೂಪನಿಗೆ ಕಿರಿಯ ಮಗನ ಪಾತ್ರ, ತಾಯಿಯ ಹೆಣದ ಮೇಲೆ ಬಿದ್ದು ಅಳಬೇಕು. ಮೂವತ್ತು ದಾಟಿದ ಗಟ್ಟಿ ಆಳು, ಹೆಣದ ಹತ್ತಿರ ಬರುತ್ತಲೂ ಕಂಬದ ಹಾಗೆ ನಿಂತುಬಿಡುತ್ತಿದ್ದ, ಇಲ್ಲವೇ ನಗು ಬಂದು ಹಲ್ಲು ಕಚ್ಚುತ್ತಿದ್ದ. "ಅಬ್ಬಿ ಮನೆಯಂಗೆ ಇದ್ಲಲ್ದಾ ಯತೀಶಣ್ಣ, ಹ್ಯಾಂಗ್ ಅಳುದ್?" ಎಂದ, ಬದುಕಿರುವ ತಾಯಿಗೆ ಅಳುವುದು ಹೇಗೆಂದು. ಎಲ್ಲರೂ ನಕ್ಕರು. ಯತೀಶನಿಗೆ ಆ ನಗು ತನ್ನ ಮೇಲೆಯೇ ಅನ್ನಿಸಿತು. ಆ ವರ್ಷ ಸ್ಪರ್ಧೆಗೂ ಹೋಗಬೇಕೆಂದಿದ್ದ. ಅನೂಪ ಆ ಪಾತ್ರಕ್ಕಾಗಿ ಚೌತಿಯವರೆಗೆ ಕಡಲಿಗೆ ಬರುವುದಿಲ್ಲವೆಂದು ದೋಣಿಯವರಿಗೆ ಹೇಳಿದ್ದಾನೆ ಎಂಬುದು ಯತೀಶನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು. ಗೊತ್ತಿದ್ದೇ ಎಲ್ಲರ ಎದುರು ಹೇಳಿದ. "ನಿಂಗೆ ಮೀನ್ ಹಿಡುಕೆ ಬತ್ತ್, ಅಳುಕೆ ಬತ್ತಿಲ್ಲೆ. ಅಂಗಿ ಬಿಚ್ಚಿ ಮನೀಷನಿಗೆ ಕೊಡ್." ಮನೀಷ್ ತೆಕ್ಕಟ್ಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಯಾವಾಗ ಬೇಕಾದರೂ ಅಳಬಲ್ಲ. ಅಂಗಿ ಕೆಂಪು ಚೌಕುಳಿಯದು, ಅನೂಪನದೇ. ಎದೆಯ ಗುಂಡಿ ಬಿದ್ದಿದ್ದಕ್ಕೆ ಬೆಳ್ಳಿ ಡಬ್ಬಿಯಲ್ಲಿ ಸಿಕ್ಕಿದ ಬಿಳಿ ಗುಂಡಿಯೊಂದನ್ನು ಕಪ್ಪು ನೂಲಿನಿಂದ ಹೊಲಿದಿದ್ದಳು. ದೂರಕ್ಕೆ ಕಾಣುವುದಿಲ್ಲ ಬಿಡು ಎಂದು ಯತೀಶನೇ ಹೇಳಿದ್ದ. ಅನೂಪ ಒಂದೊಂದೇ ಗುಂಡಿ ಬಿಚ್ಚಿದ. ಅಂಗಿಯನ್ನು ಅಂಗಡಿಯವರ ಹಾಗೆ ಮಡಚಿ ಮನೀಷನ ಕೈಗಿಟ್ಟ. "ನಾಳಿಂದ ಬಪ್ಪುದ್ ಬ್ಯಾಡ್ದಾ?" ಎಂದ. ಯತೀಶ ಪುಸ್ತಕ ತಿರುವಿ ಹಾಕುತ್ತಿದ್ದ. ಬನಿಯನ್ನಿನಲ್ಲೇ ಮಳೆಗೆ ಇಳಿದು ಹೋದವನ ಬೆನ್ನು ಕಿಟಕಿಯಿಂದ ಗೇಟಿನವರೆಗೆ ಕಂಡಿತು. ಐದನೆಯ ದಿನ ಬೆಳಿಗ್ಗೆ ದೋಣಿ ಮಗುಚಿತು.

ದಡದಲ್ಲಿ ಬೆಳ್ಳಿ ಅವನನ್ನು ಕೇಳಿದ್ದಳು, ನಾಟಕ ಇತ್ತಲ್ಲ, ಇವ ಯಾಕೆ ಹೋದ ಎಂದು. "ಅವ ತನ್ನಷ್ಟಕ್ಕೇ ಬಿಟ್ಟ ದೊಡ್ಡಮ್ಮ. ಬ್ಯಾಡ ಅಂದ" ಎಂದಿದ್ದ ಯತೀಶ. ಮಾತು ಬಾಯಿಂದ ಸಲೀಸಾಗಿ ಬಂತು, ಬಾಯಿಪಾಠ ಮಾಡಿದ ಹಾಗೆ. ಬೆಳ್ಳಿ ನೀರಿನ ಕಡೆ ತಿರುಗಿದಳು. ಆ ವರ್ಷ ನಾಟಕ ನಿಂತಿತು, ಮರುವರ್ಷ ಆಯಿತು. ಮನೀಷ್ ಅದೇ ಅಂಗಿಯಲ್ಲಿ ಅತ್ತ, ಬಹುಮಾನ ಬಂತು, ಪೇಪರಿನಲ್ಲಿ ಫೋಟೋ ಬಂತು. ಆಮೇಲೆ ಅಂಗಿ ತಗಡಿನ ಪೆಟ್ಟಿಗೆ ಸೇರಿತು, ಋಷಿಗಳ ಗಡ್ಡ, ಪೊಲೀಸಿನ ಟೊಪ್ಪಿಗಳ ಜೊತೆ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಅದರೊಳಗೆ ಅಂಗಿಗಳು ಹನ್ನೊಂದಿದ್ದವು. ಬೊಂಬೆಗೆ ಹಾಕಲು ಯಾವುದೂ ಆಗುತ್ತಿತ್ತು. ಕೈ ಸೀದಾ ಅಡಿಗೆ ಹೋಗಿ ಇದನ್ನೇ ಎಳೆಯಿತು. ಸಂಜೆಯ ಬೆಳಕಿಗೆ ಕೆಂಪು ಎದ್ದು ಕಾಣುತ್ತದೆ, ಬಿಳಿಯದು ಮರಳಿನಲ್ಲಿ ಕಳೆದುಹೋಗುತ್ತದೆ, ನೀಲಿಯದರ ತೋಳು ಹರಿದಿದೆ ಎಂದು ತನಗೆ ತಾನೇ ಹೇಳಿಕೊಂಡ. ಹುಲ್ಲಿನ ತೋಳಿಗೆ ಅಂಗಿಯ ತೋಳು ಸೇರಿಸಲು ಸಹಾಯಕ್ಕೆ ಬಂದ ಮನೀಷ್ ಗುಂಡಿ ನೋಡಿ ಕೈ ಹಿಂದೆ ತೆಗೆದ. "ಯತೀಶಣ್ಣ, ಇದ್ ಬ್ಯಾಡ. ಬೆಳ್ಳಕ್ಕ ಕಂಡ್ರೆ?" "ಕಾಸ್ಟ್ಯೂಮ್ ಅದ್. ನೀನೇ ಹಾಕ್ಕಂಡ್ ಪ್ರೈಜ್ ತಕಂಡದ್" ಎಂದ ಯತೀಶ. ಮನೀಷ್ ಇನ್ನೊಂದು ತೋಳು ಸೇರಿಸಿದ. ಬೆಳ್ಳಕ್ಕ ಕಂಡರೆ? ಕಾಣಲಿ ಎಂದೇ ಅಲ್ಲವೇ. ಕಂಡರೆ ಅಳುತ್ತಾಳೆ. ಅಷ್ಟು ಸ್ಪಷ್ಟವಾಗಿ ಆ ಯೋಚನೆ ಬಂದದ್ದು ಈಗ, ಕುದ್ರುವಿನ ಕೆಲಸದವರ ಮೆಟ್ಟಿಲು ಹತ್ತುವಾಗ, ಬೊಂಬೆಯನ್ನು ನಿದ್ದೆಹೋದ ಮಗುವಿನ ಹಾಗೆ ಎರಡೂ ತೋಳಿನಲ್ಲಿ ಎತ್ತಿಕೊಂಡಾಗ. ಅವನು ಮೆಟ್ಟಿಲ ಮೇಲೆ ನಿಂತ. ವಾಪಸು ದೋಣಿ ಹತ್ತಬಹುದಿತ್ತು, ಅಂಗಿ ಬಿಚ್ಚಿ ಹೊಳೆಗೆ ಎಸೆಯಬಹುದಿತ್ತು. ಮೇಲಿನಿಂದ ರತೀಶ್ "ಬೇಗ ಬನ್ನಿ, ಸೌಂಡ್ ಚೆಕ್" ಎಂದು ಕೂಗಿದ. ಯತೀಶ ಹತ್ತಿದ.

ಮರಳಿನ ಮೇಲೆ ಮಕ್ಕಳು ಹುಲಿಯಾಗಿ, ಬೆಕ್ಕಾಗಿ ಓಡಾಡುತ್ತಿದ್ದವು. ಅವರ ಅಪ್ಪಂದಿರು ಮರಳು ಮೆತ್ತಿದ ದಿಂಬುಗಳಲ್ಲಿ ಹುದುಗಿ ಮೊಬೈಲು ನೋಡುತ್ತಿದ್ದರು. ಜಾದೂಗಾರ ಟೊಪ್ಪಿಯಿಂದ ತೆಗೆದ ಪಾರಿವಾಳ ತೆಂಗಿನ ಮರ ಸೇರಿ ಕೆಳಗೆ ಬರಲೊಲ್ಲದು, ಅವನು ಮರದ ಬುಡದಲ್ಲಿ ನಿಂತು ಬಾ ಬಾ ಎನ್ನುತ್ತಿದ್ದ. ಯತೀಶ ಬೊಂಬೆಯನ್ನು ನಾಟಕದ ದೋಣಿಯ ಮರೆಯಲ್ಲಿ ಮಲಗಿಸಿ ಬೆಡ್‌ಶೀಟು ಹೊದಿಸಿ ವೈರು ನೋಡಲು ಹೋದ. ತಿರುಗಿ ಬರುವಾಗ ಹುಲಿಮುಖದ ಒಂದು ಮಗು ಬೆಡ್‌ಶೀಟು ಸರಿಸಿ ಬೊಂಬೆಯ ಹೊಟ್ಟೆಗೆ ಕೋಲಿನಿಂದ ತಿವಿಯುತ್ತಿತ್ತು. "ಏಯ್!" ಎಂದು ಅವನ ಗಂಟಲಿನಿಂದ ಬಂದ ಸದ್ದಿಗೆ ಅವನೇ ಬೆಚ್ಚಿದ. ಮಗು ಅತ್ತಿತು. ಎಷ್ಟು ಸುಲಭವಾಗಿ ಅತ್ತಿತು. ಅದರ ತಾಯಿ ಬಂದು, ಯಾರು ನೀವು, ಮಕ್ಕಳ ಜೊತೆ ಹೀಗೆ ಮಾತಾಡುವುದೇ ಎಂದರು. ರತೀಶ್ ಓಡಿಬಂದು ಯತೀಶನ ಹೆಗಲ ಮೇಲೆ ಕೈಯಿಟ್ಟು ನಗುತ್ತಲೇ "ಮಗುವಿಗೆ ಸಾರಿ ಹೇಳಿ" ಎಂದ. ಯತೀಶ ಬಗ್ಗಿ, ಹುಲಿಯ ಮೀಸೆಯ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು ನೋಡುತ್ತ ಸಾರಿ ಎಂದ. "ಜೋರಾಗಿ" ಎಂದಿತು ಮಗು. ಅವನು ಜೋರಾಗಿ ಹೇಳಿದ.

ಬೆಳ್ಳಿ ಉಳಿದ ಮೂವರು ಹೆಂಗಸರ ಜೊತೆ ಐದೂವರೆಯ ದೋಣಿಗೆ ಬಂದಳು. ಉಟ್ಟುಕೊಂಡು ಬಂದ ಹೂವಿನ ನೈಲಾನ್ ಸೀರೆಯನ್ನು ರತೀಶ್ ನೋಡಿ, ಇದು ಮೀನುಗಾರರ ಸೀರೆಯ ಹಾಗೆ ಕಾಣುವುದಿಲ್ಲ ಎಂದು ಚೌಕುಳಿಯ ಕೈಮಗ್ಗದ ಸೀರೆ ಕೊಡಿಸಿದ. "ನಾನ್ ಮೀನ್ ಮಾರುವತ್ತಿಗೆ ಉಡ್ತಿದ್ದದ್ ಇದನ್ನೇ" ಎಂದಳು ಬೆಳ್ಳಿ, ಜಗಳಕ್ಕಲ್ಲ, ಗೊತ್ತಿರಲಿ ಎಂದು. ಕೈಮಗ್ಗ ಉಟ್ಟಳು. ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿದರು. ಯತೀಶ ಅವಳ ಹತ್ತಿರ ಕೂತ. ಹೇಳುವುದಿದ್ದರೆ ಈಗ ಹೇಳಬೇಕು. ಅವಳ ಕೈಗಳು ಮಡಿಲಲ್ಲಿದ್ದವು. ನಲವತ್ತು ವರ್ಷದ ಮೀನು, ಉಪ್ಪು, ಐಸು ತಿಂದ ಬೆರಳ ತುದಿಗಳು ನುಣ್ಣಗೆ ಸವೆದಿದ್ದವು. ಆಧಾರ್ ಮಾಡಿಸುವಾಗ ಮಿಷನ್ನಿಗೆ ಬೆರಳಿನ ಗುರುತೇ ಸಿಗದೆ ನಾಲ್ಕು ಸಲ ಹೋಗಿ ಬಂದದ್ದು ಅವನಿಗೆ ನೆನಪಾಯಿತು. "ಇವತ್ತೂ ಚಾಪೆಯಾ ಮಗಾ?" ಎಂದು ಕೇಳಿದಳು.

"ಇಲ್ಲೆ ದೊಡ್ಡಮ್ಮ. ಬೊಂಬೆ ಮಾಡಿದ್ದೆ."

"ಎಂತದ್ದರ್ದ್?"

"ಬಟ್ಟೆದ್" ಎಂದ ಯತೀಶ.

ಅವಳು ತಲೆಯಾಡಿಸಿದಳು. ಆಮೇಲೆ, "ನಾನ್ ಅಳ್ದಿದ್ರೆ ನಿನ್ನ ಕೆಲ್ಸ ಹೋತ್ತಾ?" ಎಂದಳು. ಅವನು ಇಲ್ಲ ಎನ್ನಲು ಬಾಯಿ ತೆರೆದ. ಆಗಲೇ ಜಾದೂಗಾರನಿಗೆ ಚಪ್ಪಾಳೆ ಬಿತ್ತು, ಎದ್ದು ಹೋಗಲು ಅವನಿಗೆ ಒಂದು ಕಾರಣ ಸಿಕ್ಕಿತು.

ಆಟ ಚೆನ್ನಾಗಿಯೇ ನಡೆಯಿತು. ಬಲೆ ಎಳೆಯುವ ಹಾಡಿಗೆ ಮಕ್ಕಳು ಕುಣಿದವು, ಮೀನಿನ ಜಗಳಕ್ಕೆ ದೊಡ್ಡವರು ನಕ್ಕರು. ಧಣಿಗಳು ಮುಂದಿನ ಸಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದರು, ಗಂಡ ಹೆಂಡತಿ, ಇಬ್ಬರದೂ ಬಿಳಿ ಬಟ್ಟೆ. ಯತೀಶ ಸೌಂಡಿನ ಪೆಟ್ಟಿಗೆಯ ಪಕ್ಕ ನಿಂತಿದ್ದ. ಸೂರ್ಯ ನೀರು ಮುಟ್ಟುವ ಹೊತ್ತಿಗೆ ಸರಿಯಾಗಿ ಮನೀಷ್ ಮತ್ತು ಇನ್ನೊಬ್ಬ ಅಲೆಯ ಅಂಚಿನಿಂದ ಬೊಂಬೆಯನ್ನು ಹೊತ್ತು ತಂದರು. ಅವರ ಹೆಗಲು ಬಾಗಲಿಲ್ಲ. ಮರಳಿನ ಮೇಲೆ ಅಂಗಾತ ಇಟ್ಟು ಹಿಂದೆ ಸರಿದರು.

ಬೆಳ್ಳಿ ಮಂಡಿ ಹಿಡಿದುಕೊಂಡು ಕೂತಳು. ಕೈ ಮುಂದೆ ಹೋಯಿತು, ಸವರಲು. ಎದೆಯ ಮೇಲೆ ನಿಂತಿತು.

ಈಗ, ಎಂದಿತು ಯತೀಶನೊಳಗಿನ ಯಾವುದೋ ಒಂದು. ಈಗ ಅಳುತ್ತಾಳೆ. ಅವನು ಎಣಿಸತೊಡಗಿದ, ರಂಗದ ಮೇಲಿನ ಮೌನವನ್ನು ಯಾವಾಗಲೂ ಎಣಿಸುವ ಹಾಗೆ. ಆರು, ಏಳು, ಎಂಟು. ಮೌನ ಚೆನ್ನಾಗಿದೆ, ಇನ್ನು ನಾಲ್ಕು ತಾಳಿದರೆ ಒಡೆಯಬೇಕು. ಹಾಗೆ ಎಣಿಸುತ್ತಿರುವುದು ತಾನೇ ಎಂದು ತಿಳಿಯಿತು. ಆದರೂ ಎಣಿಕೆ ನಿಲ್ಲಲಿಲ್ಲ. ಬೆಳ್ಳಿ ಅಂಗೈಯಿಂದ ಆ ಎದೆಯನ್ನು ಮೆಲ್ಲಗೆ ಒತ್ತಿದಳು. ಸೆರಗಿನ ಮೈಕು ಆ ಸದ್ದನ್ನು ಹಿಡಿದು ನಾಲ್ಕೂ ಸ್ಪೀಕರಿನಲ್ಲಿ ಬಿಟ್ಟಿತು. ಒಣ ಹುಲ್ಲು ಮುರಿಯುವ ಸದ್ದು, ಇಡೀ ದಡದ ಮೇಲೆ. ಅವಳು ಇನ್ನೊಮ್ಮೆ ಒತ್ತಿದಳು. "ಮಮ್ಮೀ, ಅದು ಡಾಲ್" ಎಂದಿತು ಹುಲಿಮುಖದ ಮಗು, ಸುತ್ತಲಿನವರು ನಕ್ಕು ಶ್ ಎಂದರು. ಬೆಳ್ಳಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಕಾಲರಿನ ಮರಳು ಕೊಡವಿದಳು. ಬಿಳಿ ಗುಂಡಿ ಕಳಚಿಕೊಂಡಿತ್ತು, ಅದನ್ನು ಕಾಜಕ್ಕೆ ಹಾಕಿದಳು. ಸವೆದ ಬೆರಳಿಗೆ ಅದು ಬೇಗ ಸಿಗಲಿಲ್ಲ, ಮೂರನೆಯ ಸಲಕ್ಕೆ ಹೋಯಿತು. ಅವಳ ಕಣ್ಣಿನಲ್ಲಿ ನೀರಿಲ್ಲ. ತಲೆಯೆತ್ತಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸೌಂಡಿನ ಪೆಟ್ಟಿಗೆಯ ಹತ್ತಿರ ಅವನನ್ನು ಕಂಡಳು.

"ಕಡಿಗೂ ಅವ್ನಿಗೆ ಪಾರ್ಟ್ ಕೊಟ್ಯಲ ಮಗಾ" ಎಂದಳು.

ಜೋರಾಗಿ ಹೇಳಲಿಲ್ಲ, ಮನೆಯೊಳಗೆ ಹೇಳುವಷ್ಟೇ. ನಾಲ್ಕು ಸ್ಪೀಕರುಗಳು ಅದನ್ನು ಅಲೆಯವರೆಗೆ ಒಯ್ದವು. ಆರು ವರ್ಷ. ಬನಿಯನ್ನಿನಲ್ಲಿ ಮಳೆಯಲ್ಲಿ ನೆನೆದು ಬಂದವನು ಅಬ್ಬಿಗೆ ಹೇಳದೆ ಇನ್ಯಾರಿಗೆ ಹೇಳುತ್ತಾನೆ? ದಡದಲ್ಲಿ ನಿಂತು, ನಾಟಕ ಇತ್ತಲ್ಲ ಎಂದು ಅವಳು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ಇವನು ಏನು ಹೇಳುತ್ತಾನೆ ನೋಡುವ ಎಂದು. ಆರು ವರ್ಷ ಅವನ ಮನೆಗೆ ಬಂದು ಚಾ ಕುಡಿದಿದ್ದಾಳೆ, ಮಂಡಿನೋವಿಗೆ ಅವನೇ ತಂದ ಎಣ್ಣೆ ಹಚ್ಚಿಕೊಂಡಿದ್ದಾಳೆ, ಅವನು ಕರೆದನೆಂದು ಇಲ್ಲಿ ಬಂದು ಚಾಪೆ ಸವರಿದ್ದಾಳೆ. ಈಗ ಅತ್ತರೆ ಅದು ನಿಜವಾದ ಅಳುವಾದೀತು ಎಂದು ಯತೀಶನಿಗೆ ಅನ್ನಿಸಿತು. ಅವನ ಸುತ್ತ ಚಪ್ಪಾಳೆ ಶುರುವಾಯಿತು.

ಮೊದಲು ಒಬ್ಬರು, ಆಮೇಲೆ ಎಲ್ಲರೂ. ಧಣಿಯ ಹೆಂಡತಿ ಕರವಸ್ತ್ರದಿಂದ ಕಣ್ಣಿನ ಮೂಲೆ ಒತ್ತಿಕೊಂಡು, ಅಮ್ಮ ಏನೆಂದರು ಎಂದು ಪಕ್ಕಕ್ಕೆ ಬಗ್ಗಿ ಕೇಳಿದರು. ರತೀಶ್ ಮೈಕು ಎತ್ತಿಕೊಂಡು ಮುಂದೆ ಬಂದ. "ಇದು ಇಲ್ಲಿಯ ಕುಂದಾಪುರ ಕನ್ನಡ. ಭಗವಂತನ ನಾಟಕದಲ್ಲಿ ನನ್ನ ಮಗನಿಗೂ ಒಂದು ಪಾತ್ರ ಸಿಕ್ಕಿತಲ್ಲ ಎಂದು ಆ ತಾಯಿ ಕಡಲನ್ನು ಕೇಳುತ್ತಿದ್ದಾಳೆ." ಆಹಾ ಎಂದರು ಜನ. ಚಪ್ಪಾಳೆ ಮತ್ತೊಮ್ಮೆ ಬಿತ್ತು. ಊಟದ ಮನೆಯ ದೀಪಗಳು ಹತ್ತಿದವು, ಮಕ್ಕಳು ಐಸ್‌ಕ್ರೀಮಿನ ಕಡೆ ಓಡಿದವು, ಐದು ನಿಮಿಷಕ್ಕೆ ದಡ ಖಾಲಿಯಾಯಿತು. ಯತೀಶ ತಪ್ಪು ತಿದ್ದಲಿಲ್ಲ. ತಿದ್ದುವುದಾದರೆ ಏನೆಂದು ತಿದ್ದುವುದು, ಯಾರ ಮೈಕಿನಲ್ಲಿ?

ವಾಪಸು ಹೋಗುವ ದೋಣಿಯಲ್ಲಿ ಬೆಳ್ಳಿ ಬೊಂಬೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದಳು. ಮನೀಷ್ ತೆಗೆದುಕೊಳ್ಳಲು ಹೋದದ್ದಕ್ಕೆ ಕೊಟ್ಟಿರಲಿಲ್ಲವಂತೆ. ನೈಲಾನ್ ಸೀರೆ ಮತ್ತೆ ಉಟ್ಟಿದ್ದಳು. ಉಳಿದ ಹೆಂಗಸರು ದೋಣಿಯ ಇನ್ನೊಂದು ತುದಿಗೆ ಸರಿದು, ಆ ಹುಲ್ಲಿನ ಕಾಲುಗಳನ್ನು ನೋಡಿಯೂ ನೋಡದ ಹಾಗೆ ಕೂತಿದ್ದರು. ದೋಣಿಯವನು ಈ ಸಲ ತಮಾಷೆ ಮಾಡಲಿಲ್ಲ. ಹೊಳೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಯತೀಶ ಎದುರಿನ ಹಲಗೆಯ ಮೇಲೆ ಕೂತು ಮಾತು ಹುಡುಕಿದ. ಎಷ್ಟೋ ಪಾತ್ರಗಳಿಗೆ ಕ್ಷಮೆ ಕೇಳುವ ಮಾತು ಬರೆದುಕೊಟ್ಟವನಿಗೆ ಒಂದೂ ಸಿಗಲಿಲ್ಲ.

"ಅದ್ ಹುಲ್ಲಲ್ದಾ ದೊಡ್ಡಮ್ಮ" ಎಂದ.

"ಗೊತ್ತಾಯ್ತ್. ಮುಟ್ಟಿದ್ ಕೂಡ್ಲೆ ಗೊತ್ತಾಯ್ತ್" ಎಂದಳು ಬೆಳ್ಳಿ. "ಅಂಗಿ ಅವಂದೇ ಅಲ್ದಾ. ನಾನ್ ಹಾಕಿದ್ ಗುಂಡಿ." ಸ್ವಲ್ಪ ದೂರ ಹೋದ ಮೇಲೆ, "ಇನ್ ಸಾಕ್. ನಾಳೆ ಸುಡುವ. ಕೊಳ್ಳಿ ನೀ ಇಡ್ಕ್" ಎಂದಳು.

ಆಗ ಅವನ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ರತೀಶ್. ಎತ್ತಬಾರದು ಎಂದುಕೊಂಡೇ ಎತ್ತಿದ. ದೋಣಿಯ ಎಂಜಿನ್ ಸದ್ದಿಗೆ ರತೀಶ್ ಕೂಗಿ ಮಾತಾಡುತ್ತಿದ್ದ, ಎಲ್ಲರಿಗೂ ಕೇಳುವ ಹಾಗೆ. ಧಣಿಗಳಿಗೆ ಬಹಳ ಖುಷಿಯಾಗಿದೆ. ಒಂದನೇ ತಾರೀಕಿನಿಂದ ಬನ್ನಿ. ಶನಿವಾರ ಶನಿವಾರ ಶೋ. ಅಮ್ಮ ಅಳುವುದೇ ಬೇಡ, ಹಾಗೆ ಗುಂಡಿ ಹಾಕುವುದು, ಆ ಕೊನೆಯ ಡೈಲಾಗು, ಅಷ್ಟೇ ಇರಲಿ, ಒಂದಕ್ಷರ ಬದಲಾಯಿಸಬೇಡಿ. "ಬೊಂಬೆ ಯಾರೋ ತಗೊಂಡು ಹೋಗಿದ್ದಾರಂತೆ? ಅದು ಬೇಕಲ್ಲ ಬರುವ ವಾರಕ್ಕೆ."

ಯತೀಶ ಎದುರು ನೋಡಿದ. ಬೆಳ್ಳಿ ಅವನನ್ನು ನೋಡುತ್ತಿರಲಿಲ್ಲ. ಬೊಂಬೆಯ ಕಾಲುಗಳು ದೋಣಿಯ ಅಂಚಿಗೆ ತಾಗದ ಹಾಗೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಇಲ್ಲ ಎನ್ನಬೇಕು, ಬರುವುದಿಲ್ಲ ಎನ್ನಬೇಕು, ಫೋನನ್ನು ಹೊಳೆಗೆ ಎಸೆಯಬೇಕು. ಮೂರನ್ನೂ ಅವನು ಸ್ಪಷ್ಟವಾಗಿ ಕಂಡ, ಬೇರೆ ಯಾರೋ ಮಾಡುತ್ತಿರುವ ಹಾಗೆ.

"ಪರವಾಗಿಲ್ಲ ಸರ್" ಎಂಬುದು ಅವನಿಗೆ ಕೇಳಿಸಿತು, ಅವನದೇ ದನಿ. "ಹೊಸತು ಮಾಡಿಸ್ತೇನೆ."

ಫೋನು ಕಿಸೆಗೆ ಹೋಯಿತು. ಕಡವಿನ ದೀಪ ಹತ್ತಿರ ಬಂತು. ದೋಣಿಯವನು ಎಂಜಿನ್ ನಿಲ್ಲಿಸಿದ, ನೀರು ಹಲಗೆಗೆ ಬಡಿಯುವ ಸದ್ದು ಮಾತ್ರ ಉಳಿಯಿತು. ಬೆಳ್ಳಿ ಏಳಲಿಲ್ಲ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಸರಿಮಾಡಿ,

"ಅಂಗಿ ಬೇಕಾರೆ ಹೇಳ್ ಮಗಾ" ಎಂದಳು. "ಮನೆಯಂಗೆ ಅವಂದ್ ಇನ್ನೂ ಎರಡ್ ಇತ್."

ಹೂಂ, ಎಂದ ಯತೀಶ.